ಗರ್ಭಕೋಶದ ಆಪರೇಷನ್ ಆದ ಮೇಲೆ ಬಸಿರು: ತಿಳಿದಿರಬೇಕಾದ ಸಂಗತಿಗಳು



ಎರಡು ಮೂರು ಸಲ ಬಸಿರು ನಿಲ್ಲದಿದ್ದರೆ ನಮ್ಮ ಕಡೆ ಮೊದಲು ಮಾತು ಕೇಳುವವಳು ಸೊಸೆ. ಆಮೇಲೆ ನೇಮಕಲ್ಲು, ರಾಯದುರ್ಗದವರು ಬಳ್ಳಾರಿಗೆ, ಮಡಕಶಿರಾದವರು ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಅಲ್ಲಿ ‘ಗರ್ಭಕೋಶದಲ್ಲಿ ಗೋಡೆ ಇದೆ, ಆಪರೇಷನ್ ಆಗಬೇಕು’ ಎಂದರೆ ಗಾಬರಿಯಾಗುತ್ತದೆ. ನಾನು ವೈದ್ಯನಲ್ಲ, ಓದಿ ತಿಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ತೊಂದರೆ ಏನು?
ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಎರಡು ನಾಳಗಳು ಕೂಡಿ ಒಂದು ಗರ್ಭಕೋಶವಾಗುತ್ತದೆ. ನಡುವಿನ ಗೋಡೆ ಕರಗದೆ ಉಳಿದರೆ ‘ಸೆಪ್ಟೇಟ್’. ನಾಳಗಳು ಪೂರ್ತಿ ಕೂಡದೆ ಎರಡು ಕೊಂಬಿನಂತೆ ಉಳಿದರೆ ‘ಬೈಕಾರ್ನುಯೇಟ್’. ನೂರು ಹೆಂಗಸರಲ್ಲಿ ಐದಾರು ಮಂದಿಗೆ ಇಂಥ ವ್ಯತ್ಯಾಸಗಳಿರುತ್ತವೆ. ಗರ್ಭಪಾತವಾದವರಲ್ಲಿ ಸುಮಾರು 13 ಮಂದಿಗೆ. ಇದು ಹುಟ್ಟಿನಿಂದ ಬಂದದ್ದು, ಆಕೆಯ ತಪ್ಪಲ್ಲ. ಇದ್ದದ್ದೇ ಗೊತ್ತಾಗದೆ ಮಕ್ಕಳನ್ನು ಹೆತ್ತವರೂ ಬಹಳ.

ಆಪರೇಷನ್ ಯಾರಿಗೆ?
ನಡುಗೋಡೆಯನ್ನು ಹೊಟ್ಟೆ ಕೊಯ್ಯದೆ, ಹಿಸ್ಟರೋಸ್ಕೋಪಿಯಿಂದ ಕೆಳಗಿನಿಂದಲೇ ಕತ್ತರಿಸುತ್ತಾರೆ. ಎರಡು ಕೊಂಬಿನ ಗರ್ಭಕೋಶಕ್ಕೆ ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಇದೆ. ಈಗ ಅದನ್ನು ಮಾಡಿಸಲು ಹೇಳುವುದು ಅಪರೂಪ. ಎರಡರ ಒಳಭಾಗ ಸ್ಕ್ಯಾನಿಂಗಿನಲ್ಲಿ ಒಂದೇ ಥರ ಕಾಣಬಹುದು, ಹೊರಗಿನ ಆಕಾರವೂ ತಿಳಿಯಬೇಕು. ಆದ್ದರಿಂದ 3ಡಿ ಸ್ಕ್ಯಾನಿಂಗ್ ಅಥವಾ ಎಂ.ಆರ್.ಐ. ಆಗಿದೆಯೇ ಎಂದು ಕೇಳಿ.

ಫಲಿತಾಂಶ ಹೇಗೆ?
ಅದೇ ಹೆಂಗಸರ ಹಿಂದಿನ, ಮುಂದಿನ ಬಸಿರುಗಳನ್ನು ಹೋಲಿಸಿದ ಹಳೆಯ ವರದಿಗಳಲ್ಲಿ ಗರ್ಭಪಾತ ಶೇ. 88ರಿಂದ ಶೇ. 14ಕ್ಕೆ ಇಳಿದಿತ್ತು. ಆದರೆ ಒಂದೆರಡು ಸಲ ಕಳೆದುಕೊಂಡವರಿಗೆ ಏನೂ ಮಾಡದಿದ್ದರೂ ಮುಂದಿನದು ನಿಲ್ಲುವುದುಂಟು. 2021ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಅಧ್ಯಯನದಲ್ಲಿ, ನಡುಗೋಡೆ ಇದ್ದ 80 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಆಪರೇಷನ್ ಗುಂಪಿನ 39 ಮಂದಿಯಲ್ಲಿ 12 ಮಂದಿಗೆ, ಆಪರೇಷನ್ ಇಲ್ಲದೆ ಕಾದ 40 ಮಂದಿಯಲ್ಲಿ 14 ಮಂದಿಗೆ ಜೀವಂತ ಮಗು ಹುಟ್ಟಿತು. ಅಧ್ಯಯನ ಚಿಕ್ಕದು, ಇದೇ ಕೊನೆಯ ಮಾತಲ್ಲ. ಪದೇ ಪದೇ ಗರ್ಭಪಾತವಾದವರಿಗೆ ಈಗಲೂ ಅನೇಕ ವೈದ್ಯರು ಆಪರೇಷನ್ ಹೇಳುತ್ತಾರೆ. ಆದರೆ ‘ಮಾಡಿಸಿದರೆ ಮಗು ಖಂಡಿತ’ ಎಂದು ಯಾರಾದರೂ ಹೇಳಿದರೆ ಸಾಲ ಮಾಡುವ ಮೊದಲು ಇನ್ನೊಬ್ಬ ವೈದ್ಯರನ್ನೂ ಕೇಳಿ.

ಆಪರೇಷನ್ ನಂತರ
• ಬಸಿರಿಗೆ ಎಷ್ಟು ದಿನ ಕಾಯಬೇಕೆಂದು ವೈದ್ಯರನ್ನೇ ಕೇಳಿ.
• ನಡುಗೋಡೆ ತೆಗೆಸಿದ ಮಾತ್ರಕ್ಕೇ ಸಿಜೇರಿಯನ್ ಬೇಕಾಗುವುದಿಲ್ಲ. ಹೊಟ್ಟೆ ಕೊಯ್ದು ಸರಿಮಾಡಿದ್ದರೆ ಸಾಮಾನ್ಯವಾಗಿ ಸಿಜೇರಿಯನ್ನೇ.
• ಅಪರೂಪಕ್ಕೆ ಮುಂದಿನ ಬಸಿರಿನಲ್ಲಿ ಗರ್ಭಕೋಶ ಹರಿಯುವುದುಂಟು. ವಿಪರೀತ ಹೊಟ್ಟೆನೋವು, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೊನೆಗೆ, ಗುಮಾಸ್ತನಾಗಿದ್ದವನ ಮಾತು. ನಮ್ಮಲ್ಲಿ ಆಪರೇಷನ್ ಗಂಡನ ಊರಿನ ಕಡೆ, ಹೆರಿಗೆ ತವರಿನ ಕಡೆ. ನಡುವೆ ರಾಜ್ಯದ ಗಡಿ. ಆಪರೇಷನ್ ಟಿಪ್ಪಣಿ, ಡಿಸ್ಚಾರ್ಜ್ ಚೀಟಿಯ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ತಾಯಿ ಕಾರ್ಡಿನ ಜೊತೆಗೇ ಇಡಿ. ಹೆರಿಗೆ ಮಾಡಿಸುವ ವೈದ್ಯರು ಅದನ್ನು ಮೊದಲೇ ನೋಡಿರಬೇಕು.

– ಕಾರ್ಯದರ್ಶಿ