ಆಕಾಶದಿಂದ ಬಂದ ಮಾತು, ಊರಿನಿಂದ ಹೊರಟ ಮಾತು

1975ರ ಆಗಸ್ಟ್ 1ರಂದು ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ದೂರದರ್ಶನದ ಪರದೆ ಬೆಳಗಿತು. ರಾಜಧಾನಿ ಬೆಂಗಳೂರಿಗೇ ಟಿ.ವಿ. ಬಂದಿರದ ಕಾಲವದು. ಮಳೆಯನ್ನೇ ನಂಬಿ ಜೋಳ ಬಿತ್ತುವ ಊರುಗಳಿಗೆ ಅದು ಮೊದಲು ಬಂದುದು ನಮ್ಮ ಇತಿಹಾಸದ ಒಂದು ಸೋಜಿಗ.

'ಸೈಟ್' ಎಂದು ಹೆಸರಾದ ಆ ಪ್ರಯೋಗಕ್ಕೆ ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನೀಡಿತ್ತು. ನೆಲದ ಮೇಲಿನ ಏರ್ಪಾಡೆಲ್ಲ ನಮ್ಮ ಇಸ್ರೊ ಸಂಸ್ಥೆಯದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿಬಲೆಯ ದೊಡ್ಡ ಆಂಟೆನಾಗಳು ಉಪಗ್ರಹದ ಸಂಕೇತವನ್ನು ನೇರವಾಗಿ ಹಿಡಿದವು. ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ಕುಟುಂಬಜೀವನಗಳ ಕುರಿತು ತಿಳಿವಳಿಕೆ. ಒಂದೇ ಪೆಟ್ಟಿಗೆಯ ಮುಂದೆ ಊರಿನವರು ಒಟ್ಟಾಗಿ ಕುಳಿತು ನೋಡಿದರು.

ಆದರೆ ಆ ಪೆಟ್ಟಿಗೆ ಮಾತನಾಡುತ್ತಿತ್ತೇ ಹೊರತು ಕೇಳಿಸಿಕೊಳ್ಳುತ್ತಿರಲಿಲ್ಲ. ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ದೂರದ ನಗರಗಳಲ್ಲಿ. ತನ್ನ ಹೊಲದ ಮಣ್ಣು ಬೇರೆ, ತನ್ನ ಕಷ್ಟ ಬೇರೆ ಎಂದು ಒಬ್ಬ ರೈತನಿಗೆ ಅನ್ನಿಸಿದರೂ ಅದನ್ನು ಪರದೆಗೆ ಹೇಳುವ ದಾರಿಯಿರಲಿಲ್ಲ. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು, ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರವೊಂದು ಆರಂಭವಾದರೂ ಮಾತು ಹರಿಯುತ್ತಿದ್ದುದು ಒಂದೇ ದಿಕ್ಕಿಗೆ.

ರೈತನ ದನಿ ಊರಿನಿಂದ ಹೊರಗೆ ಹೋಗಲು ಬೇರೊಂದು ಯಂತ್ರ ಬೇಕಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ಹಳ್ಳಿಗೆಂದೇ ಪುಟ್ಟ ದೂರವಾಣಿ ವಿನಿಮಯ ಕೇಂದ್ರವೊಂದನ್ನು ರೂಪಿಸಿದರು. ಹೊರದೇಶಗಳ ಡಿಜಿಟಲ್ ಯಂತ್ರಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಿತ್ತು. ಇದಾದರೋ ನಮ್ಮ ಧೂಳು, ಸೆಕೆಗಳ ನಡುವೆಯೇ ದುಡಿಯಬಲ್ಲುದಾಗಿತ್ತು. ಅಂತಹ ಮೊದಲ ಕೇಂದ್ರ 1986ರಲ್ಲಿ ಸ್ಥಾಪನೆಯಾದುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಮುಂದೆ ಊರೂರಿಗೆ ಬಂದ ಎಸ್‌ಟಿಡಿ ಬೂತುಗಳಿಂದ, ಮಾಲು ಸಾಗಿಸುವ ಮುನ್ನವೇ ಪೇಟೆಯ ಧಾರಣೆ ವಿಚಾರಿಸಲು, ದೂರದಲ್ಲಿ ದುಡಿಯುವ ಮಗನ ಕ್ಷೇಮ ಕೇಳಲು ಸಾಧ್ಯವಾಯಿತು. ದೂರವಾಣಿಯಲ್ಲಿ ರೈತ ಬರಿಯ ಕೇಳುಗನಲ್ಲ. ಪ್ರಶ್ನೆ ಕೇಳುವವನು, ಬೆಲೆ ಒಪ್ಪದಿದ್ದರೆ 'ಬೇಡ' ಎನ್ನುವವನು.

ಉಪಗ್ರಹದ ಆ ಒಂದು ವರ್ಷ ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಹೊಸ ತಿಳಿವಿಗೆ ಹಳ್ಳಿಯ ಬಾಗಿಲು ತೆರೆದಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ತಿಳಿಸುವುದು ಬೇರೆ, ಸಂವಾದ ನಡೆಸುವುದು ಬೇರೆ. ಇಂದು ಅಂಗೈಯ ಮೊಬೈಲಿನಲ್ಲಿ ಹವಾಮಾನ, ಬೀಜ, ಗೊಬ್ಬರಗಳ ಸಂದೇಶಗಳು ರೈತನಿಗೆ ಬಂದು ಬೀಳುತ್ತವೆ. ಅವನ ಮಾತನ್ನು ಕೇಳಿಸಿಕೊಳ್ಳುವ ಕಿವಿ ಆ ತುದಿಯಲ್ಲಿದೆಯೇ? ಊರಿಗೆ ಬರುವ ಪ್ರತಿಯೊಂದು ಹೊಸ ಯಂತ್ರದ ಮುಂದೆಯೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು.