ಬೇಡಿದ್ದು ಕೊಡುವ ಗೆಳೆಯ: ಬಾಳ್ಯಾನಿಂದ ನೀಲಿ ಜಿನ್ನಿಯವರೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಸಣ್ಣಾಟ ನೋಡಿದವರಿಗೆ ಬಾಳ್ಯಾನ ಪರಿಚಯ ಬೇಕಿಲ್ಲ. ಬೈಲಹೊಂಗಲ ತಾಲೂಕಿನ ಬೈಲವಾಡದ ಪತ್ತಾರ ಮಾಸ್ತರರು ಕಟ್ಟಿದ ‘ಸಂಗ್ಯಾ ಬಾಳ್ಯಾ’ ಆಟದಲ್ಲಿ ಸಂಗ್ಯಾನಿಗೆ ಈರ್ಯಾನ ಹೆಂಡತಿ ಗಂಗಿಯ ಮೇಲೆ ಮನಸ್ಸಾಗುತ್ತದೆ. ಆ ಆಸೆ ಕೈಗೂಡಲು ಗೆಳೆಯ ಬಾಳ್ಯಾ ನೆರವಾಗುತ್ತಾನೆ. ಬೇಡ ಎಂದು ಹೇಳಬೇಕಾದಲ್ಲಿ ಹೇಳಲಿಲ್ಲ. ಕೊನೆಗೆ ಅದೇ ಬಾಳ್ಯಾ ಹಣದಾಸೆಗೆ ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಬೇಡಿದ್ದನ್ನೆಲ್ಲ ನಡೆಸಿಕೊಡುವ ಗೆಳೆಯನನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಯನ್ನು ಈ ಸೀಮೆಯ ರಂಗ ಹೀಗೆ ಕೇಳಿದೆ.

ಇಂಥದೇ ಇನ್ನೊಬ್ಬ ಗೆಳೆಯ 1990ರ ದಶಕದಲ್ಲಿ ಟಿ.ವಿ.ಯ ಮೂಲಕ ಈ ಊರುಗಳ ಮಕ್ಕಳಿಗೂ ಪರಿಚಿತನಾದ. ಹಿಂದಿಯಲ್ಲಿ ಮಾತಾಡುವ, ಕ್ಷಣಕ್ಕೊಂದು ವೇಷ ಹಾಕಿ ನಗಿಸುವ, ಹೊಗೆಯಂತೆ ಬಾಲವುಳ್ಳ ನೀಲಿ ಮೈಯ ಜಿನ್ನಿ ಅವನು. 1992ರಲ್ಲಿ ಅಮೆರಿಕದ ಡಿಸ್ನಿ ಕಂಪನಿ ತೆಗೆದ ‘ಅಲ್ಲಾದ್ದೀನ್’ ವ್ಯಂಗ್ಯಚಿತ್ರ ಸಿನಿಮಾದಿಂದ ಬಂದವನು. ಜಿನ್ನ್ ಎಂಬ ಶಬ್ದವನ್ನು ಮನೆಯ ಹಿರಿಯರಿಂದ ಭಯಭಕ್ತಿಯೊಂದಿಗೆ ಕೇಳಿ ಬೆಳೆದ ಮುಸ್ಲಿಮ್ ಮಕ್ಕಳಿಗೆ ಈತ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವನು ನಡೆದುಬಂದ ದಾರಿಯೂ ಅಷ್ಟೇ ವಿಚಿತ್ರ.

ಕುರ್‌ಆನಿನಲ್ಲಿ ಜಿನ್ನ್‌ಗಳು ಬೆಂಕಿಯಿಂದ ಸೃಷ್ಟಿಯಾದ, ಮನುಷ್ಯರಂತೆಯೇ ವಿವೇಚನೆ ಮತ್ತು ಹೊಣೆಗಾರಿಕೆ ಇರುವ ಜೀವಿಗಳು. ಅವರ ಹೆಸರಿನ 72ನೆಯ ಅಧ್ಯಾಯದಲ್ಲಿ ಕುರ್‌ಆನ್ ಪಾರಾಯಣ ಕೇಳಿ ವಿಶ್ವಾಸವಿಟ್ಟ ಜಿನ್ನ್‌ಗಳ ತಂಡದ ಮಾತಿದೆ. ಪ್ರವಾದಿ ಸುಲೈಮಾನರಿಗಾಗಿ ಅವು ದುಡಿದದ್ದು ದೇವರ ಅಪ್ಪಣೆಯಿಂದ. ಯಾರೋ ದೀಪ ಉಜ್ಜಿದರೆಂದು ಓಡಿಬರುವ ಆಳುಗಳು ಅವಲ್ಲ.

ದೀಪದ ಜಿನ್ನಿ ಬಂದದ್ದು ಕಥೆಯಿಂದ. ಆ ಕಥೆಯಾದರೂ ಅರಬಿಯ ಹಳೆಯ ‘ಸಾವಿರದ ಒಂದು ರಾತ್ರಿ’ಯ ಹಸ್ತಪ್ರತಿಗಳಲ್ಲಿಲ್ಲ. ಸಿರಿಯಾದ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ಕ್ರೈಸ್ತ ಯುವಕ 1709ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಆಂತ್ವಾನ್ ಗಲಾಂ ಎಂಬ ಫ್ರೆಂಚ್ ವಿದ್ವಾಂಸನಿಗೆ ಹೇಳಿದ. ಗಲಾಂ 1712ರಲ್ಲಿ ತನ್ನ ಅನುವಾದದ ಸಂಪುಟಗಳಲ್ಲಿ ಅದನ್ನು ಸೇರಿಸಿದ, ಆದರೆ ಹೇಳಿದವನ ಹೆಸರನ್ನು ಅಲ್ಲಿ ಹಾಕಲಿಲ್ಲ. ಮುಂದೆ ಸಿಕ್ಕ ಅರಬಿ ಪ್ರತಿಗಳು ಫ್ರೆಂಚಿನಿಂದ ಮರಳಿ ಬರೆದವು. ಕಥೆ ನಡೆಯುವುದು ಬಗ್ದಾದಿನಲ್ಲೂ ಅಲ್ಲ, ಚೀನಾದಲ್ಲಿ.

ಆ ಮೂಲ ಕಥೆಯಲ್ಲಿ ಉಂಗುರಕ್ಕೊಬ್ಬ, ದೀಪಕ್ಕೊಬ್ಬ ಗುಲಾಮ ಜಿನ್ನಿ. ಇಂತಿಷ್ಟೇ ಬೇಡಿಕೆ ಎಂಬ ಮಿತಿಯಿಲ್ಲ, ನಗೆಚಾಟಿಕೆಯೂ ಇಲ್ಲ. ದೀಪದ ಜಿನ್ನಿ ಒಂದೇ ಒಂದು ಬಾರಿ ಆಗದು ಎನ್ನುತ್ತಾನೆ. ಅರಮನೆಯ ಗುಮ್ಮಟಕ್ಕೆ ರುಖ್ ಪಕ್ಷಿಯ ಮೊಟ್ಟೆ ತಂದು ತೂಗುಹಾಕು ಎಂದಾಗ, ನನ್ನ ಒಡೆಯನನ್ನೇ ತಂದು ತೂಗುಹಾಕಲು ಹೇಳುತ್ತೀಯಾ ಎಂದು ಸಿಟ್ಟಿನಿಂದ ಅಬ್ಬರಿಸುತ್ತಾನೆ. ಗುಲಾಮನಿಗೂ ದಾಟದ ಗೆರೆಯೊಂದು ಇತ್ತು.

ಸಿನಿಮಾದವರಿಗೆ ಜಿನ್ನಿ ಮೊದಲಿನಿಂದಲೂ ಪ್ರಿಯ. ಜರ್ಮನಿಯ ಲೊಟ್ಟೆ ರೈನಿಗರ್ ಕತ್ತರಿಸಿದ ಕಾಗದದ ನೆರಳಾಟದಿಂದ 1926ರಲ್ಲಿ ತೆಗೆದ ‘ರಾಜಕುಮಾರ ಅಹ್ಮದ್’ ಚಿತ್ರದಲ್ಲೇ ಅಲ್ಲಾದ್ದೀನ ಬರುತ್ತಾನೆ. ನಮ್ಮಲ್ಲಿ 1957ರ ತೆಲುಗು, ತಮಿಳು, ಹಿಂದಿ ಚಿತ್ರದಲ್ಲಿ ಎಸ್.ವಿ. ರಂಗರಾವ್ ಭೂತವಾಗಿ ಗರ್ಜಿಸಿದರು. ಅವನನ್ನು ಪೂರಾ ವಿದೂಷಕನಾಗಿ ಮಾಡಿ ಜಗತ್ತಿಗೆಲ್ಲ ಹಂಚಿದ್ದು ಡಿಸ್ನಿ. ಹಾಸ್ಯನಟ ರಾಬಿನ್ ವಿಲಿಯಮ್ಸ್ ಆಶುವಾಗಿ ಆಡಿದ ಮಾತುಗಳಿಗೆ ಎರಿಕ್ ಗೋಲ್ಡ್‌ಬರ್ಗ್ ಚಿತ್ರದ ರೂಪ ಕೊಟ್ಟರು.

ಈ ವಿದೂಷಕನಿಗೂ ಗೆರೆಗಳಿವೆ ಎಂಬುದು ಗಮನಿಸಬೇಕಾದ ಸಂಗತಿ. ಬೇಡಿಕೆ ಮೂರೇ. ಅದರಲ್ಲೂ ಯಾರನ್ನೂ ಕೊಲ್ಲಲಾರೆ, ಯಾರಲ್ಲೂ ಪ್ರೀತಿ ಹುಟ್ಟಿಸಲಾರೆ, ಸತ್ತವರನ್ನು ಎಬ್ಬಿಸಲಾರೆ ಎಂದು ಮೊದಲೇ ಹೇಳಿಬಿಡುತ್ತಾನೆ. ಬಾಳ್ಯಾ ಎಡವಿದ್ದು ಇವುಗಳಲ್ಲಿ ಮೊದಲ ಎರಡು ಕಡೆಯೇ. ಹಳೆಯ ಜಿನ್ನಿಗಿಲ್ಲದ ಇನ್ನೊಂದು ಸಂಗತಿ ಇವನಿಗಿದೆ: ತನ್ನದೇ ಒಂದು ಬಯಕೆ, ಬಿಡುಗಡೆ. ಅಲ್ಲಾದ್ದೀನ ತನ್ನ ಕೊನೆಯ ಬೇಡಿಕೆಯನ್ನು ಅದಕ್ಕಾಗಿ ಬಿಟ್ಟುಕೊಡುತ್ತಾನೆ. 2019ರ ಚಿತ್ರದಲ್ಲಿ ವಿಲ್ ಸ್ಮಿತ್ ಅಭಿನಯಿಸಿದ ಜಿನ್ನಿ ಬಿಡುಗಡೆಯಾಗಿ ಮನುಷ್ಯನಾಗುತ್ತಾನೆ, ಸಂಸಾರ ಹೂಡುತ್ತಾನೆ.

ಆದರೆ ಜಿನ್ನಿಗೆ ಕೊಟ್ಟ ಮಾನವೀಯತೆಯನ್ನು ಚಿತ್ರ ಅವನ ಸುತ್ತಲಿನ ಜನರಿಗೆ ಕೊಡಲಿಲ್ಲ. ನಾಯಕ, ನಾಯಕಿ, ಜಿನ್ನಿ ಅಚ್ಚ ಅಮೆರಿಕನ್ನರಂತೆ ಮಾತಾಡಿದರೆ, ಕೈ ಕಡಿಯಲು ಬರುವ ವ್ಯಾಪಾರಿ, ಕ್ರೂರ ಕಾವಲುಗಾರರಿಗೆ ಮಾತ್ರ ಅರಬರ ಉಚ್ಚಾರ. ಆರಂಭದ ಹಾಡಿನಲ್ಲಿ ಆ ನಾಡನ್ನು ಕಿವಿ ಕತ್ತರಿಸುವ ಅನಾಗರಿಕ ದೇಶವೆಂದು ಬಣ್ಣಿಸಲಾಗಿತ್ತು. ಅಮೆರಿಕದ ಅರಬ್ ಸಂಘಟನೆ ಪ್ರತಿಭಟಿಸಿದ ಮೇಲೆ 1993ರ ವಿಡಿಯೋ ಆವೃತ್ತಿಯಲ್ಲಿ ಕಿವಿಯ ಸಾಲು ಬದಲಾಯಿತು, ಅನಾಗರಿಕ ಎಂಬ ಶಬ್ದ ಉಳಿಯಿತು. ಅದು ಹೋಗಲು 2019 ಬರಬೇಕಾಯಿತು.

ಜಿನ್ನಿಗೆ ದನಿ ಕೊಟ್ಟವನ ಪಾಡೂ ಒಂದು ಕಥೆಯೇ. ತನ್ನ ದನಿಯನ್ನು ಸರಕು ಮಾರಲು ಬಳಸಬಾರದೆಂಬ ಒಪ್ಪಂದ ಮುರಿಯಿತೆಂದು ವಿಲಿಯಮ್ಸ್ ಬಹಿರಂಗವಾಗಿ ದೂರಿ ದೂರ ಸರಿದರು. 1994ರ ಮುಂದಿನ ಭಾಗಕ್ಕೆ ಬೇರೆಯವರು ದನಿ ಕೊಟ್ಟರು. ಸ್ಟುಡಿಯೋ ಕ್ಷಮೆ ಕೇಳಿದ ಮೇಲೆ 1996ರ ಚಿತ್ರಕ್ಕೆ ಅವರು ಮರಳಿದರು.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು, ಮೊಹರಮ್ಮಿನಲ್ಲಿ ಪಂಜಾದ ಮುಂದೆ ಸಕ್ಕರೆ ಓದಿಸುವ ಹಿಂದೂ ಮುಸ್ಲಿಮರು ಬರಿದೇ ಬೇಡುವುದಿಲ್ಲ, ಹರಕೆಯನ್ನೂ ಹೊರುತ್ತಾರೆ. ಹರಕೆಯ ಸರಿತಪ್ಪಿನ ಚರ್ಚೆ ಬೇರೆ. ಆದರೆ ಬೇಡುವವನಿಗೂ ಹೊಣೆಯಿದೆ ಎಂಬ ತಿಳಿವಳಿಕೆ ಅದರಲ್ಲಿದೆ. ನೀಲಿ ಜಿನ್ನಿಯನ್ನು ನೋಡಿ ನಗುವ ಮಕ್ಕಳಿಗೆ ಅವನ ಮೂರು ಗೆರೆಗಳನ್ನೂ ಬೈಲವಾಡದ ಬಾಳ್ಯಾನ ಕಥೆಯನ್ನೂ ಒಟ್ಟಿಗೆ ಹೇಳಬಹುದು. ಜೊತೆಗೆ, ಆ ಕಥೆಯನ್ನು ಹೇಳಿ ಹೆಸರಿಲ್ಲದೆ ಉಳಿದ ಅಲೆಪ್ಪೊದ ಹನ್ನಾ ದಿಯಾಬನ ಹೆಸರನ್ನೂ.