ಗಾರ್ಡಿನ ಡಬ್ಬಿಯಲ್ಲಿ ಸೈಕಲ್ಲು

ಸೈಕಲ್ಲಿಗೂ ರೈಲಿಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಊರ ಮಗ್ಗುಲಲ್ಲೇ ನಿಲ್ದಾಣವುಳ್ಳವರಿಗೆ ಅಂಥ ಸಂಬಂಧವೇನೂ ತೋರದು. ಬಸವಕಲ್ಯಾಣ, ಹುಮನಾಬಾದುಗಳ ಕಡೆ ಹುಟ್ಟಿದವರಿಗೆ ಮಾತ್ರ ಇವೆರಡೂ ಒಂದೇ ಪ್ರಯಾಣದ ಎರಡು ತುಂಡುಗಳು. ನಮ್ಮ ಕಡೆಯ ರೈಲಿನ ಚರಿತ್ರೆಯನ್ನು ಬರೆಯಹೊರಟವನು ರೈಲು ಬಾರದ ದಾರಿಗಳಿಂದಲೇ ಮೊದಲುಮಾಡಬೇಕಾಗುತ್ತದೆ.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಸೊಲ್ಲಾಪುರ, ಗುಲಬರ್ಗಾಗಳನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ನಿಜಾಮರ ರೈಲು ವಾಡಿಯಿಂದ ಕವಲೊಡೆದು ಹೈದರಾಬಾದಿನ ಕಡೆ ನಡೆಯಿತು. ಉತ್ತರಕ್ಕೆ ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಉದಗೀರಗಳ ಮೇಲೆ ಪರಳಿ ವೈಜನಾಥಕ್ಕೆ ಹೋಗುವ ಹಳಿ ಬೀಳುವ ವೇಳೆಗೆ 1930ರ ಸುಮಾರಾಗಿತ್ತು. ಹೀಗೆ ದಕ್ಷಿಣದ ಹಳಿಗೂ ಉತ್ತರದ ಹಳಿಗೂ ನಡುವೆ ನಮ್ಮ ಎರಡು ಊರುಗಳು ಉಳಿದುಬಿಟ್ಟವು. ಚಾಲುಕ್ಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ರಾಜಧಾನಿಯಾಗಿ ಮಾಡಿಕೊಂಡ ಊರು, ಹನ್ನೆರಡನೆಯ ಶತಮಾನದಲ್ಲಿ ದೂರದೂರದ ಶರಣರು ಕಾಲುನಡಿಗೆಯಲ್ಲಿ ಬಂದು ಸೇರಿದ ಊರು, ಹಳಿ ಹಾಕುವವರ ಕಣ್ಣಿಗೆ ನವಾಬರೊಬ್ಬರ ಜಹಗೀರಿನ ಸಣ್ಣ ಪಟ್ಟಣವಾಗಿ ಕಂಡಿರಬೇಕು. ಹುಮನಾಬಾದಿನ ಮಾಣಿಕಪ್ರಭುಗಳ ಸನ್ನಿಧಿಗೆ ಬರುವ ಭಕ್ತರೂ ರೈಲಿನಿಂದಿಳಿದ ಮೇಲೆ ಮತ್ತೊಂದು ಪ್ರಯಾಣವನ್ನು ಮಾಡಬೇಕಿತ್ತು. ಗುಲಬರ್ಗಾದಿಂದ ಹುಮನಾಬಾದಿಗೆ ಸುಮಾರು 60 ಕಿಲೋಮೀಟರು. ಭಾಲ್ಕಿಯಿಂದ ಬಸವಕಲ್ಯಾಣಕ್ಕೆ ಸುಮಾರು 40. ಎತ್ತಿನ ಗಾಡಿಗೆ ಅದು ಒಂದು ಹಗಲು ಮತ್ತು ಒಂದು ರಾತ್ರಿಯ ಮಾತು.

ನಿಜಾಮರ ರೈಲ್ವೆಗೂ ಈ ತೆರವು ತಿಳಿದಿತ್ತು. 1932ರಲ್ಲಿ ಅದು ತನ್ನದೇ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸುಗಳಿಂದ ಆರಂಭಿಸಿತು. ಹಳಿಯಿಲ್ಲದಲ್ಲಿ ರೈಲಿನವರೇ ಬಸ್ಸು ಓಡಿಸಿದರೆಂಬುದು ನಮ್ಮ ಸೀಮೆಯ ಒಂದು ವಿಶೇಷ. ಆದರೆ ಒಂದು ರಾಜ್ಯಕ್ಕೆ ಇಪ್ಪತ್ತೇಳು ಬಸ್ಸು ಎಷ್ಟಕ್ಕೆ ಸಾಕಾದೀತು? ಬಸ್ಸು ತಪ್ಪಿದವನ ಕೈಯಲ್ಲಿ ಸೈಕಲ್ಲಿದ್ದರೆ ಅವನು ಬದುಕಿಕೊಂಡ.

ಮೊದಮೊದಲು ಸೈಕಲ್ಲುಗಳು ಇಂಗ್ಲೆಂಡಿನಿಂದ ಬರುತ್ತಿದ್ದವು, ಉಳ್ಳವರ ಮನೆಗಳಿಗಷ್ಟೇ ಬರುತ್ತಿದ್ದವು. ಸ್ವಾತಂತ್ರ್ಯದ ನಂತರ ಮದ್ರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನೀಪತಿನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಹುಟ್ಟಿಕೊಂಡು, ಶಾಲಾ ಮಾಸ್ತರರಿಗೂ ಅಂಚೆಯವನಿಗೂ ದೇವಿ ಹಾಕುವವನಿಗೂ ಸೈಕಲ್ಲು ಎಟುಕಿತು. ವರ್ಗವಾದ ನೌಕರ, ಓದಲು ಹೊರಟ ಹುಡುಗ, ಸೊಲ್ಲಾಪುರದಲ್ಲಿ ಗಾಡಿ ಕೊಂಡ ಅರಿವೆ ಅಂಗಡಿಯವ, ಎಲ್ಲರೂ ಅದನ್ನು ರೈಲಿಗೆ ಹಾಕಿದರು. ಇಳಿದ ಮೇಲೆ ಉಳಿದ ದಾರಿಯನ್ನು ಅದೇ ಸೈಕಲ್ಲು ಸಾಗಿಸುತ್ತಿತ್ತು.

ಹಾಕುವ ಕ್ರಮ ಸರಳವಾದದ್ದೇ, ಆದರೆ ತಾಳ್ಮೆ ಬೇಡುವಂಥದು. ಮೊದಲು ತನ್ನ ಟಿಕೇಟು. ಅದನ್ನು ತೋರಿಸಿ ಲಗೇಜು ಕಚೇರಿಯಲ್ಲಿ ಸೈಕಲ್ಲಿಗೆ ಹಣ ಕಟ್ಟಿ ರಸೀದಿ ಪಡೆಯಬೇಕು. ಹ್ಯಾಂಡಲ್ಲನ್ನು ಹೊರಳಿಸಿ ಚೌಕಟ್ಟಿಗೆ ಸಮನಾಗಿ ಕಟ್ಟುವುದು, ಪೆಡಲು ಬಿಚ್ಚುವುದು, ದೀಪ, ಗಂಟೆ, ಪಂಪುಗಳನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳುವುದು, ಗೋಣಿತಟ್ಟು ಸುತ್ತಿ ಹುರಿಯಿಂದ ಬಿಗಿಯುವುದು, ಇವೆಲ್ಲ ಸೈಕಲ್ಲಿನ ಒಡೆಯನ ಹೊಣೆ. ಆಮೇಲೆ ಹಮಾಲ ಅದನ್ನು ಗಾರ್ಡಿನ ಡಬ್ಬಿಗೆ ಏರಿಸುತ್ತಾನೆ. ಹಣ ಉಳಿಸಲು ಕೆಲವರು ಸೈಕಲ್ಲನ್ನು ಮೂರನೆಯ ದರ್ಜೆಯ ಡಬ್ಬಿಯ ಬಾಗಿಲಿಗೇ ತೂರಿಸಲು ನೋಡುತ್ತಿದ್ದುದುಂಟು. ಅದು ಜಾಣತನವಲ್ಲ. 1890ರ ರೈಲ್ವೆ ಕಾಯಿದೆಯ ಪ್ರಕಾರ, ನೌಕರನು ಬುಕ್ ಮಾಡಿಕೊಂಡು ರಸೀದಿ ಕೊಟ್ಟ ಹೊರತು ಪ್ರಯಾಣಿಕನ ಸಾಮಾನು ಕಳೆದರೆ ರೈಲ್ವೆ ಜವಾಬುದಾರಿಯಲ್ಲ. ಆ ಕಾಯಿದೆಯ ಜಾಗದಲ್ಲಿ 1989ರ ಕಾಯಿದೆ ಬಂದಾಗಲೂ ಈ ನಿಯಮದ ತಿರುಳು ಉಳಿದುಕೊಂಡಿತು. ನಮ್ಮ ಹಿರಿಯರು ಆ ಚೀಟಿಯನ್ನು ಜನಿವಾರದಂತೆಯೋ ಕರಡಿಗೆಯಂತೆಯೋ ಎದೆಗೆ ಹತ್ತಿರವಾಗಿ ಇಟ್ಟುಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.

ಈ ಹಣದ ವಿಷಯದಲ್ಲಿ ಬೇರೆ ದೇಶದ ಒಂದು ಸಂಗತಿಯನ್ನು ಹೇಳಬೇಕು. ಅಮೆರಿಕೆಯ ನ್ಯೂಯಾರ್ಕ್ ರಾಜ್ಯದಲ್ಲಿ ಸೈಕಲ್ಲಿನವರು ಸಂಘ ಕಟ್ಟಿ ಹೋರಾಡಿ 1896ರಲ್ಲಿ ಒಂದು ಶಾಸನವನ್ನೇ ಮಾಡಿಸಿದರು. ಪ್ರಯಾಣಿಕನ ಪೆಟ್ಟಿಗೆಯಂತೆ ಅವನ ಸೈಕಲ್ಲನ್ನೂ ರೈಲು ಕಂಪನಿಗಳು ಪ್ರತ್ಯೇಕ ದರವಿಲ್ಲದೆ ಒಯ್ಯಬೇಕೆಂದು ಅದು ವಿಧಿಸಿತು. ಅಲ್ಲಿ ಹೋರಾಡಿದವರಲ್ಲಿ ಬಹುಮಂದಿ ಭಾನುವಾರದ ವಿಹಾರಕ್ಕೆ ಹೊರಡುವವರು. ವಿಹಾರಿಗಳಿಗೆ ಸಂಘವಿತ್ತು, ಭಾಲ್ಕಿಯಲ್ಲಿಳಿದು ನಲವತ್ತು ಕಿಲೋಮೀಟರು ತುಳಿಯುವ ಮಾಸ್ತರರಿಗೆ ಅಂಥ ಸಂಘ ಎಲ್ಲಿಯದು?

ನಾನೂ ಒಮ್ಮೆ ಈ ಸಾಲಿಗೆ ಸೇರಿದವನು. 1980ರ ಮಳೆಗಾಲದಲ್ಲಿ ಕನ್ನಡ ಎಂ.ಎ. ಓದಲು ಧಾರವಾಡಕ್ಕೆ ಹೊರಟಾಗ ತಂದೆಯವರು ತಮ್ಮ ಸೈಕಲ್ಲನ್ನು ಕೊಟ್ಟರು. ನಸುಕಿನಲ್ಲಿ ಹುಮನಾಬಾದು ಬಿಟ್ಟು, ಮರಗುತ್ತಿಯ ಹತ್ತಿರದ ಏರಿನಲ್ಲಿ ಇಳಿದು ತಳ್ಳಿ, ಕಮಲಾಪುರದಲ್ಲಿ ಅಲ್ಲಿನ ಕೆಂಪು ಬಾಳೆಹಣ್ಣು ತಿಂದು, ಹೊತ್ತೇರುವಷ್ಟರಲ್ಲಿ ಗುಲಬರ್ಗಾ ಸೇರಿದೆ. ಮುಂದಿನ ತೊಡಕು ಹಳಿಯದು. ಗುಲಬರ್ಗಾದಿಂದ ಹೊಟಗಿಯವರೆಗೆ ಐದೂವರೆ ಅಡಿಯ ಬ್ರಾಡ್ ಗೇಜು. ಅಲ್ಲಿಂದ ವಿಜಾಪುರ, ಬಾಗಲಕೋಟೆ, ಗದಗಗಳ ಮೇಲೆ ಹುಬ್ಬಳ್ಳಿ ಧಾರವಾಡಗಳಿಗೆ ಆ ಕಾಲದಲ್ಲಿ ಒಂದು ಮೀಟರಿನ ಸಣ್ಣ ಹಳಿ. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಮನುಷ್ಯ ಇಳಿದು ಹತ್ತಿದರೆ ಆಯಿತು. ಸೈಕಲ್ಲನ್ನು ಇಳಿಸಿ, ಪುಸ್ತಕದಲ್ಲಿ ಬರೆದು, ಆಚೆಯ ಗಾಡಿಗೆ ಏರಿಸಬೇಕು. ಕನ್ನಡನಾಡಿನ ಎರಡು ತುಂಡುಗಳು 1956ರಲ್ಲಿ ಕೂಡಿದ್ದವು. ಅವುಗಳ ಹಳಿಗಳು ಕೂಡಲು ಮತ್ತೆ ಎಷ್ಟೋ ವರ್ಷ ಬೇಕಾದವು.

ತಪ್ಪು ನನ್ನದೇ ಆಗಿತ್ತು. ಹೆಸರಿನ ರಟ್ಟನ್ನು ಬಣ್ಣದಿಂದ ಬರೆಯಬೇಕೆಂದು ತಂದೆಯವರು ಹೇಳಿದ್ದರೂ ನಾನು ಪೆನ್ನಿನ ಶಾಯಿಯಲ್ಲಿ, ಅದೂ ಅಲಂಕಾರದ ಅಕ್ಷರಗಳಲ್ಲಿ, ಬರೆದಿದ್ದೆ. ದಾರಿಯ ಮಳೆ ಅದನ್ನು ತೊಳೆದುಬಿಟ್ಟಿತು. ಧಾರವಾಡದಲ್ಲಿ ನಾನಿಳಿದೆ, ಸೈಕಲ್ಲು ಇಳಿಯಲಿಲ್ಲ. ಮೂರನೆಯ ದಿನ ಹೆಸರಿಲ್ಲದ ಎರಡು ಕರಿಯ ಸೈಕಲ್ಲುಗಳು ಲಗೇಜು ಕೋಣೆಯಲ್ಲಿ ಒಂದಕ್ಕೊಂದು ಆತು ನಿಂತಿದ್ದವು. ನನ್ನ ರಸೀದಿಯಲ್ಲಿ ‘ಸೈಕಲ್ಲು ಒಂದು’ ಎಂದಷ್ಟೇ ಇತ್ತು. ಸೀಟಿನ ಕೆಳಗಿನ ಕೊಳವೆಯ ಮೇಲೆ ನಂಬರು ಕೊರೆದಿರುತ್ತದೆ, ಅದನ್ನು ಹೇಳಿ ಒಯ್ಯಿರಿ ಎಂದರು ಗುಮಾಸ್ತರು. ಅವರು ಹೇಳಿದ್ದು ನ್ಯಾಯವೇ. ಊರಿಗೆ ತಂತಿ ಕೊಟ್ಟೆ. ತಂದೆಯವರು ಆ ನಂಬರನ್ನು ಪಂಚಾಂಗದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದರು. ಅಂಕಿಗಳು ಬಂದವು, ಅವುಗಳ ಹಿಂದೆ ಎರಡೇ ಶಬ್ದ: ‘ಬಣ್ಣದಿಂದ ಬರಿ’. ಶಬ್ದಕ್ಕಿಷ್ಟು ಎಂದು ಹಣ ತೆಗೆದುಕೊಳ್ಳುವ ತಂತಿಯಲ್ಲಿ ಅವರು ಆ ಎರಡಕ್ಕೂ ಖರ್ಚು ಮಾಡಿದ್ದನ್ನು ನಾನು ಮರೆತಿಲ್ಲ. ಅಷ್ಟು ಪಾಡುಪಟ್ಟು ತಂದ ಸೈಕಲ್ಲನ್ನು ವಿಶ್ವವಿದ್ಯಾಲಯದ ಛೋಟಾ ಮಹಾಬಳೇಶ್ವರ ಗುಡ್ಡಕ್ಕೆ ನಿತ್ಯವೂ ತಳ್ಳಿಕೊಂಡೇ ಏರಿದೆ.

ಆ ಸಣ್ಣ ಹಳಿ ಆಮೇಲೆ ಹಂತಹಂತವಾಗಿ ದೊಡ್ಡದಾಯಿತು. ನಮ್ಮ ಕಡೆಗೂ ರೈಲು ಬಂದಿತು: ಸುಮಾರು 110 ಕಿಲೋಮೀಟರಿನ ಬೀದರ–ಕಲಬುರಗಿ ಹಳಿ ಪೂರ್ಣಗೊಂಡು 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ನಾನು ಸೈಕಲ್ಲು ತಳ್ಳಿದ ಮರಗುತ್ತಿಯ ಗುಡ್ಡವನ್ನು ರೈಲು ಸುರಂಗದೊಳಗೆ ಹಾಯುತ್ತದೆ. ಹುಮನಾಬಾದಿಗೆ ನಿಲ್ದಾಣವಾಯಿತು. ಗಾರ್ಡ್ ಎಂಬ ಹೆಸರು 2022ರಲ್ಲಿ ಟ್ರೇನ್ ಮ್ಯಾನೇಜರ್ ಎಂದಾಯಿತು; ಡಬ್ಬಿಯನ್ನು ನಾವಿನ್ನೂ ಗಾರ್ಡಿನ ಡಬ್ಬಿಯೆಂದೇ ಕರೆಯುತ್ತೇವೆ.

ಬಸವಕಲ್ಯಾಣಕ್ಕೆ ಮಾತ್ರ ಹಳಿಯಿಲ್ಲ. ಹೈದರಾಬಾದ್ ಕರ್ನಾಟಕವೆಂಬ ಇಡೀ ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಆ ಹೆಸರು ಕೊಟ್ಟ ಊರಿಗೆ ಪಾರ್ಸಲ್ಲು ಬುಕ್ ಮಾಡಲು ಬರುವುದಿಲ್ಲ. ರಸೀದಿಯ ಮೇಲೆ ಬರುವುದು ನಿಲ್ದಾಣದ ಹೆಸರು, ನಿಲ್ದಾಣವಿಲ್ಲದ ಊರಿಗೆ ಅಲ್ಲಿ ಜಾಗವಿಲ್ಲ. ಬರಿದೆ ಕಲ್ಯಾಣವೆಂದರೆ ಮುಂಬಯಿಯ ಹತ್ತಿರದ ಕಲ್ಯಾಣ ಜಂಕ್ಷನ್ನಿಗೆ ಬರೆದುಬಿಡುತ್ತಾರೆ. ಮೊನ್ನೆ ನನ್ನ ಬಸವಕಲ್ಯಾಣದ ನೆಂಟರ ಮೊಮ್ಮಗ ಪುಣೆಯಿಂದ ತನ್ನ ಸೈಕಲ್ಲನ್ನು ರೈಲಿಗೆ ಹಾಕಿದ. ಸಣ್ಣ ನಿಲ್ದಾಣದಲ್ಲಿ ಗಾಡಿ ನಿಲ್ಲುವ ಎರಡು ನಿಮಿಷದಲ್ಲಿ ಸೈಕಲ್ಲು ಇಳಿಸುವುದು ಕಷ್ಟವೆಂದು ಕಲಬುರಗಿಗೇ ಬುಕ್ ಮಾಡಿದ್ದ. ರಟ್ಟಿನ ಮೇಲೆ ದೊಡ್ಡದಾಗಿ ‘ಕಲಬುರಗಿ’ ಎಂದು ಬರೆದು, ಅದರ ಕೆಳಗೆ ಚಿಕ್ಕದಾಗಿ ‘ಮುಂದೆ ಬಸವಕಲ್ಯಾಣ, ರಸ್ತೆಯ ಮೇಲೆ’ ಎಂದು ಸೇರಿಸಿದ್ದ. ಬಣ್ಣದಿಂದಲೇ ಬರೆದಿದ್ದ.